ಇದು ಯಾರ ಕೈ?

ನಮ್ಮ ಊರುಗಳಲ್ಲಿ ಬಾಗಿಲ ಮುಂದಿನ ರಂಗೋಲಿ ನೋಡಿದರೆ ಸಾಕು, ಅತ್ತೆ ಹಾಕಿದ್ದೋ ಸೊಸೆ ಹಾಕಿದ್ದೋ ಓಣಿಯವರಿಗೆ ಗೊತ್ತಾಗುತ್ತದೆ. ಚುಕ್ಕಿ ಅವೇ, ಗೆರೆ ಅವೇ. ಆದರೆ ಒಬ್ಬರು ಬಳ್ಳಿ ತಿರುವುವಾಗ ಕೈ ಸ್ವಲ್ಪ ಎಳೆಯುತ್ತಾರೆ, ಇನ್ನೊಬ್ಬರು ಹಿಟ್ಟು ದಪ್ಪಗೆ ಬಿಡುತ್ತಾರೆ. ಕೌದಿಯ ಹೊಲಿಗೆಯೂ ಹಾಗೇ. ಓದಿದವರು ಇದಕ್ಕೆ ಶೈಲಿ ಎನ್ನುತ್ತಾರೆ. ನಮ್ಮ ಕಡೆ ‘ಕೈ’ ಎನ್ನುತ್ತಾರೆ. "ಇದು ಯಾರ ಕೈ ರೀ?" ಎಂದು ಕೇಳುತ್ತಾರೆ.

ಮೊಬೈಲ್‌ನಲ್ಲಿ ಚಿತ್ರ ತೆಗೆಯಲು ಹೊರಟವರಿಗೆ ಈ ಕೈ ಎಲ್ಲಿಂದ ಬರಬೇಕು? ಎರಡು ವರ್ಷದಿಂದ ನಾವು ಇದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದೇವೆ.

ನಾವು ಅಂದರೆ ನಾಲ್ಕು ಮಂದಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ತಾಲೂಕಿಗೊಬ್ಬರು. ಓದಿದ್ದು ಪತ್ರಿಕೋದ್ಯಮ, ಚಿತ್ರಕಲೆಯನ್ನು ಯಾರೂ ಓದಿಲ್ಲ. ಚಿತ್ರದ ಕಡೆ ಬಂದದ್ದು ಆಸೆಯಿಂದಲ್ಲ, ಅಗತ್ಯದಿಂದ. ಮೈಕ್ರೋಫೈನಾನ್ಸ್ ಸಾಲದ ಕಂತಿನ ಕಾಟ ಹೆಚ್ಚಾಗಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಆ ದಿನಗಳಲ್ಲಿ ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳನ್ನು ಮಾತಾಡಿಸುತ್ತಿದ್ದೆವು. ಎಲ್ಲ ಹೇಳುತ್ತಿದ್ದರು. ಕೊನೆಗೆ ಒಂದೇ ಮಾತು: "ತಮ್ಮಾ, ನನ್ನ ಮುಖ ಮಾತ್ರ ಹಾಕಬ್ಯಾಡ್ರಿ." ಮುಖವನ್ನು ಮಸುಕು ಮಾಡಿ ಫೋಟೋ ಹಾಕಿದರೆ ಕಳ್ಳರ ಫೋಟೋದಂತೆ ಕಾಣುತ್ತದೆ. ಸಾಲ ಮಾಡಿದವರು ಕಳ್ಳರಲ್ಲ. ಅದಕ್ಕೇ ಚಿತ್ರ.

ಕೈಯಲ್ಲಿದ್ದದ್ದು ಮೊಬೈಲ್, ಅದರಲ್ಲಿ ಐಬಿಸ್ ಪೇಂಟ್. ಪೆನ್ನಿಲ್ಲ, ಬೆರಳೇ ಕುಂಚ. ಒಬ್ಬರ ಬಳಿ ಹಳೆಯ ಲ್ಯಾಪ್‌ಟಾಪ್ ಇತ್ತು, ಅದಕ್ಕೆ ಕ್ರಿತಾ ಹಾಕಿಕೊಂಡೆವು. ಅದು ದುಡ್ಡು ಕೊಡದೆ ಸಿಗುವ ಮುಕ್ತ ತಂತ್ರಾಂಶ. ಯೂಟ್ಯೂಬ್ ನೋಡಿ ಲೇಯರ್ ಅಂದರೇನು ಕಲಿತೆವು. ಅದು ಕಷ್ಟವಲ್ಲ. ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟಂತೆ: ಕೆಳಗಿನದರಲ್ಲಿ ಕಚ್ಚಾ ಗೆರೆ, ಮೇಲಿನದರಲ್ಲಿ ಪಕ್ಕಾ ಗೆರೆ, ನಡುವೆ ಬಣ್ಣ. ಆಮೇಲೆ ಕೆಳಗಿನದನ್ನು ಅಳಿಸಿದರೆ ಆಯಿತು.

ಕಲಿತದ್ದೇನೋ ಆಯಿತು. ಆದರೆ ನಾಲ್ವರ ಚಿತ್ರ ಅಕ್ಕಪಕ್ಕ ಇಟ್ಟರೆ ಯಾರದು ಯಾವುದು ನಮಗೇ ಹೇಳಲು ಬರುತ್ತಿರಲಿಲ್ಲ. ದೊಡ್ಡ ಕಣ್ಣು, ಚೂಪು ಗದ್ದ, ಕೆನ್ನೆಯ ಮೇಲೆ ಗುಲಾಬಿ. ತಾವರಗೇರಾದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯೂ ಜಪಾನಿನ ಕಾರ್ಟೂನಿನ ಹುಡುಗಿಯಂತೆ ಕಾಣುತ್ತಿದ್ದಳು. ಆ್ಯಪ್‌ನಲ್ಲಿ ನೂರಾರು ಕುಂಚಗಳಿದ್ದವು, ಅಷ್ಟನ್ನೂ ಬಳಸಿ ಎಲ್ಲರೂ ಒಂದೇ ಚಿತ್ರ ತೆಗೆಯುತ್ತಿದ್ದೆವು!

ಅದೇ ಹೊತ್ತಿಗೆ, 2025ರ ಮಾರ್ಚ್ ಕೊನೆಗೆ, ‘ಜಿಬ್ಲಿ’ ಬಂತು. ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಚಾಟ್‌ಜಿಪಿಟಿಗೆ ಫೋಟೋ ಕೊಟ್ಟರೆ ಜಪಾನಿನ ಸಿನಿಮಾದಂಥ ಚಿತ್ರ ಮಾಡಿ ಕೊಡುತ್ತಿತ್ತು. ಸ್ಟುಡಿಯೋ ಜಿಬ್ಲಿ ಶುರುವಾದದ್ದು 1985ರಲ್ಲಿ. ಹಯಾವೊ ಮಿಯಾಝಾಕಿ ಮತ್ತು ಅವರ ಸಂಗಡಿಗರು ನಾಲ್ಕು ದಶಕ ಕೈಯಿಂದ ಚಿತ್ರ ಬಿಡಿಸಿ ಕಟ್ಟಿದ ಕೈ ಅದು. ನಮ್ಮ ಕಡೆ ಒಂದೇ ವಾರದಲ್ಲಿ ಎಲ್ಲರ ವಾಟ್ಸ್‌ಆ್ಯಪ್ ಡಿಪಿ ಆಯಿತು. ಮದುವೆಯ ಚಿತ್ರ ತೆಗೆದುಕೊಡಿ ಎಂದು ನಮ್ಮಲ್ಲೊಬ್ಬಳಿಗೆ ಮುಂಗಡ ಕೊಟ್ಟಿದ್ದ ಸಂಬಂಧಿಕರೊಬ್ಬರು ಫೋನ್ ಮಾಡಿದರು. "ಯವ್ವಾ, ಅದು ಪುಕ್ಕಟೆ ಬರತೈತಲ್ಲ, ನೀ ಯಾಕ ನಾಕು ದಿನ ಕುಂದರತಿ?" ಎಂದರು. ಬೈದು ಹೇಳಿದ ಮಾತಲ್ಲ. ಅಕ್ಕರೆಯಿಂದಲೇ ಹೇಳಿದ್ದು, ಅದಕ್ಕೇ ಹೆಚ್ಚು ತಟ್ಟಿತು.

ನಮಗೆ ಅನಿಸಿದ್ದು ಇಷ್ಟು. ಎಲ್ಲರ ಹಾಗೆ ಚೆಂದ ಮಾಡುವ ಪಂದ್ಯದಲ್ಲಿ ಯಂತ್ರದ ಜೊತೆ ನಾವು ಗೆಲ್ಲುವುದಿಲ್ಲ. ಆದರೆ ಆ ಯಂತ್ರಕ್ಕೆ ನಮ್ಮ ತಾವರಗೇರಾದ ಸಂತೆ ಗೊತ್ತಿಲ್ಲ. ಕೈ ಬೇಕಾದರೆ ಮೊದಲು ಕಣ್ಣು ಬೇಕು.

ಹಾಗೆ ಹೋದದ್ದು ಕಿನ್ನಾಳಕ್ಕೆ. ಕೊಪ್ಪಳದವರಿಗೆ ಅದು ಹಿತ್ತಲ ಗಿಡ, ಅದಕ್ಕೇ ನಾವು ಅಲ್ಲಿವರೆಗೆ ಸರಿಯಾಗಿ ನೋಡಿರಲಿಲ್ಲ. ಅಲ್ಲಿನ ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ‘ಕಿಟ್ಟ’ ಮಾಡುತ್ತಾರೆ, ಅದರಿಂದ ಜೋಡು ಮುಚ್ಚಿ ಮೈ ತಿದ್ದುತ್ತಾರೆ. ಅದರ ಮೇಲೆ ಬಣ್ಣ. ತವರದಿಂದ ಬಂಗಾರದ ಹೊಳಪು ತರುವ ‘ಲಾಜವಾರ’ ಎಂಬ ಹಳೆಯ ವಿದ್ಯೆಯೂ ಅವರದೇ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಎನ್ನುತ್ತಾರೆ. ಕಿನ್ನಾಳ ಗೊಂಬೆಗೆ ಈಗ ಭೌಗೋಳಿಕ ಸೂಚಿಯ ಗುರುತೂ ಇದೆ.

ಒಂದು ಮಧ್ಯಾಹ್ನ ಪೂರ್ತಿ ಸುಮ್ಮನೆ ಕೂತು ನೋಡಿದೆವು. ಕೆಂಪು, ಹಳದಿ, ಹಸಿರು, ಕಪ್ಪು, ಬಂಗಾರ. ಹೆಚ್ಚೆಂದರೆ ಇನ್ನೊಂದು ನೀಲಿ. ಬಣ್ಣಕ್ಕೆ ಬಣ್ಣ ಸೇರಿಸಿ ನೆರಳು ಮಾಡುವುದಿಲ್ಲ, ಹಚ್ಚಿದ ಬಣ್ಣ ನಿಂತಲ್ಲೇ ನಿಲ್ಲುತ್ತದೆ. ಅದರ ಅಂಚಿಗೆ ಒಂದು ಗೆರೆ. ಗರುಡನ ಮೂಗು ಉದ್ದವಾಗಿದ್ದರೂ ಯಾರೂ ತಪ್ಪು ಎನ್ನುವುದಿಲ್ಲ, ಗರುಡ ಅಂದರೆ ಹಾಗೇ. ಐದಾರು ಬಣ್ಣದಲ್ಲಿ ಇಷ್ಟು ತಲೆಮಾರು ಬದುಕಿದ ಕೈ ಎದುರಿಗಿತ್ತು. ನಮ್ಮ ಮೊಬೈಲ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಬಣ್ಣಗಳಿವೆ.

ಮರಳಿ ಬಂದು ನಮಗೆ ನಾವೇ ಕಟ್ಟು ಹಾಕಿಕೊಂಡೆವು. ಒಂದೇ ಕುಂಚ, ಆರೇ ಬಣ್ಣ, ಆರು ತಿಂಗಳು. ಬಣ್ಣಗಳನ್ನು ಆ್ಯಪ್‌ನಿಂದ ಆರಿಸಲಿಲ್ಲ. ಫೋಟೋದಿಂದ ಬಣ್ಣ ಎತ್ತಿಕೊಳ್ಳುವ ಡ್ರಾಪರ್ ಇರುತ್ತದಲ್ಲ, ಅದನ್ನು ಹಿಡಿದು ಊರೂರು ತಿರುಗಿದೆವು. ಕುಷ್ಟಗಿಯವನು ದೋಟಿಹಾಳದ ಮಗ್ಗದ ಮೇಲಿದ್ದ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ತಂದ. ಯಲಬುರ್ಗಾದವಳು ಎರೆಹೊಲದ ಕಪ್ಪು ತಂದಳು. ಗಂಗಾವತಿಯವನು ಕೊಯ್ಲಿಗೆ ಬಂದ ಭತ್ತದ ಹಳದಿ. ನಿಜ ಹೇಳಬೇಕೆಂದರೆ ಆ ಎರೆಮಣ್ಣು ಕಪ್ಪಲ್ಲ. ಮಳೆ ಬಿದ್ದ ಮರುದಿನ ಒಂಥರಾ ನೇರಳೆ, ಬೇಸಿಗೆಯಲ್ಲಿ ಬೂದಿ. ಇಪ್ಪತ್ತು ವರ್ಷ ಅದರ ಮೇಲೆ ನಡೆದಾಡಿದವಳು ಅವತ್ತೇ ಅದನ್ನು ನೋಡಿದ್ದು.

ಹಿರೇಬೆಣಕಲ್ ಗುಡ್ಡಕ್ಕೂ ಹತ್ತಿದೆವು. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗೋರಿಗಳು ಅಲ್ಲಿವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ನಮಗೆ ಬೇಕಾಗಿದ್ದು ಅಲ್ಲಿನ ಬಂಡೆಗಳ ಮೇಲಿನ ಚಿತ್ರ. ಒಂದೇ ಕೆಂಪು ಬಣ್ಣ. ಮುಖಕ್ಕೆ ಕಣ್ಣಿಲ್ಲ, ಮೂಗಿಲ್ಲ. ಆದರೂ ಕೈ ಕೈ ಹಿಡಿದು ಕುಣಿಯುವವರು ಯಾರು, ಬೇಟೆಗೆ ನಿಂತವರು ಯಾರು ಎಂದು ನಿಲುವಿನಿಂದಲೇ ತಿಳಿಯುತ್ತದೆ. ಮುಖವಿಲ್ಲದೆ ಮನುಷ್ಯನನ್ನು ತೋರಿಸುವುದು ಹೇಗೆ ಎಂದು ಒದ್ದಾಡುತ್ತಿದ್ದ ನಮಗೆ ಇದಕ್ಕಿಂತ ಹೆಚ್ಚಿನ ಪಾಠ ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ. (ಹೋಗುವವರು ನೀರು ಒಯ್ಯಿರಿ, ಬಂಡೆ ಮುಟ್ಟಬೇಡಿ. ಹೆಸರು ಕೆತ್ತುವವರು ಮನೆಯಲ್ಲೇ ಇರಿ.)

ಆಮೇಲೆ ಬಸ್ ಸ್ಟ್ಯಾಂಡ್, ಸಂತೆ, ಹಿಟ್ಟಿನ ಗಿರಣಿ, ಚಹಾದ ಅಂಗಡಿ. ದಿನಕ್ಕೆ ಹತ್ತು ಜನರ ನಿಲುವು. ಒಂದು ನಿಲುವಿಗೆ ಒಂದು ನಿಮಿಷ, ಅಳಿಸುವಂತಿಲ್ಲ. ಗೆರೆ ನೇರ ಮಾಡಿಕೊಡುವ ಸ್ಟೆಬಿಲೈಸರ್ ಅನ್ನು ಕಡಿಮೆ ಮಾಡಿಟ್ಟೆವು. ಬೆರಳು ನಡುಗಿದರೆ ನಡುಗಲಿ, ಆ ನಡುಕವೂ ನಮ್ಮದೇ. ಮೂರನೇ ತಿಂಗಳ ಹೊತ್ತಿಗೆ ಒಬ್ಬನ ಗೆರೆ ಮುರಿದು ಮುರಿದು ಬರುತ್ತದೆ, ಇನ್ನೊಬ್ಬಳು ಪಾದವನ್ನು ಯಾವಾಗಲೂ ದೊಡ್ಡದು ಮಾಡುತ್ತಾಳೆ ಎಂದು ಕಾಣತೊಡಗಿತು. ದೊಡ್ಡ ಪಾದ ತಿದ್ದಬೇಕೇ ಎಂದು ಜಗಳವಾಯಿತು. ಬರಿಗಾಲಲ್ಲಿ ಕಳೆ ಕೀಳುವವರ ಪಾದ ಅದು, ದೊಡ್ಡದಾಗಿಯೇ ಇರಲಿ ಎಂದು ಬಿಟ್ಟೆವು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ನೊರೆ ಉಗುಳುವ ನೀರಿನ ಅದೇ ಡ್ರೋನ್ ವಿಡಿಯೋ ಎಲ್ಲರ ಮೊಬೈಲ್‌ನಲ್ಲಿತ್ತು. ಮರುವರ್ಷ ಅದನ್ನು ನೆನೆದು ಬರೆಯುವಾಗ ಗಂಗಾವತಿಯವನು ಗೇಟನ್ನು ಬಿಡಿಸಲೇ ಇಲ್ಲ. ನಾಟಿ ಮಾಡಿದ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತುಂಬಿ ಹರಿಯುವ ಕಾಲುವೆಯನ್ನು ನೋಡುತ್ತಿರುವ ಒಬ್ಬ ರೈತನ ಬೆನ್ನು. ಅಷ್ಟೇ. ಅದನ್ನು ನೋಡಿ ಕಾರಟಗಿಯ ಕಡೆಯ ಒಬ್ಬ ಹಿರಿಯರು, "ಇದು ಆ ಮುರುಕು ಗೆರಿ ಹುಡುಗನ ಕೈ ಅಲ್ಲೇನ್ರಿ?" ಎಂದು ಕೇಳಿದರು. ಹೆಸರು ಹಾಕಿರಲಿಲ್ಲ.

ಕೈ ಬಂದರೆ ಎಲ್ಲ ಬಂತು ಎಂದು ತಿಳಿಯಬೇಡಿ. ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ ಅವರ ಕಥೆ ನೋಡಿ. 2015ರಲ್ಲಿ ಊರ ಗೆಳೆಯರ ಬಾವುಟಕ್ಕೆಂದು ಕೇಸರಿ-ಕಪ್ಪಿನಲ್ಲಿ ಹುಬ್ಬು ಗಂಟಿಕ್ಕಿದ ಹನುಮಂತನ ಮುಖ ಬಿಡಿಸಿದರು. ಎರಡೇ ಬಣ್ಣ, ಕೆಲವೇ ಗೆರೆ. ದೇಶದ ಕಾರು, ಬೈಕುಗಳಿಗೆಲ್ಲ ಅಂಟಿಕೊಂಡಿತು. ನಮ್ಮ ಅಂಜನಾದ್ರಿಯ ಕೆಳಗೆ ನಿಂತು ನೋಡಿ, ನಿಲ್ಲಿಸಿದ ಗಾಡಿಗಳಲ್ಲಿ ಎಷ್ಟರ ಮೇಲಿದೆ ಎಂದು. ಸ್ಟಿಕರ್ ಮಾರಿ ದುಡ್ಡು ಮಾಡಿದ ಹೆಚ್ಚಿನವರು ಬಿಡಿಸಿದವರನ್ನು ಒಂದು ಮಾತೂ ಕೇಳಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಚಿತ್ರದ ಹಕ್ಕು ಬಿಡಿಸಿದ ಕ್ಷಣದಿಂದಲೇ ಬಿಡಿಸಿದವರದು, ನೋಂದಣಿ ಕಡ್ಡಾಯವಲ್ಲ. ಆದರೆ ಶೈಲಿಗೆ ಹಕ್ಕಿಲ್ಲ, ನಿಮ್ಮ ಹಾಗೆ ಯಾರು ಬೇಕಾದರೂ ಬಿಡಿಸಬಹುದು. ಹೀಗಾಗಿ ನಾವು ಲೇಯರ್ ಇರುವ ಮೂಲ ಫೈಲನ್ನು ಯಾರಿಗೂ ಕೊಡುವುದಿಲ್ಲ. ಸಹಿಯನ್ನು ಮೂಲೆಯಲ್ಲಲ್ಲ, ಕತ್ತರಿಸಲು ಬಾರದ ಕಡೆ ಹಾಕುತ್ತೇವೆ: ಸೆರಗಿನ ಅಂಚಿನಲ್ಲಿ, ಎತ್ತಿನ ಕೊರಳಪಟ್ಟಿಯಲ್ಲಿ.

ಹೊಟ್ಟೆಪಾಡು? ಕುಷ್ಟಗಿಯವನು ಈಗ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಸಂಬಳಕ್ಕಿದ್ದಾನೆ. ಹಗಲು ಹುಟ್ಟುಹಬ್ಬದ ಬ್ಯಾನರ್, ಅದೇ ಫಾಂಟು, ಅದೇ ಸಿಂಹ. ಅಂಗಡಿಯ ಹಿಂದೆ ಹಳೆಯ ಪೇಂಟರ್ ಒಬ್ಬರು ಬರೆದ ಕಿರಾಣಿ ಅಂಗಡಿಯ ತಗಡಿನ ಬೋರ್ಡು ಬಿದ್ದಿತ್ತು. ಅದರ ‘ಕ’ದ ತಲೆಕಟ್ಟು ಕೊಕ್ಕರೆಯ ಕತ್ತಿನಂತೆ ಬಾಗಿತ್ತು. ರಾತ್ರಿ ಅದನ್ನು ನೋಡಿ ನೋಡಿ ಅಕ್ಷರ ಬಿಡಿಸುತ್ತಾನೆ. ನಮ್ಮ ತಲೆಬರಹಗಳು ಈಗ ಅವನ ಕೈಯವು. ಬಿಡಿಸಿದ ಅಕ್ಷರದಲ್ಲಿ ಒತ್ತಕ್ಷರ ಒಡೆಯುವ ಗೋಳೂ ಇಲ್ಲ.

ಹೋದ ವಾರ ಯಲಬುರ್ಗಾದವಳು ಸಾಲದ ವರದಿಯ ಅವ್ವನೊಬ್ಬಳ ಚಿತ್ರ ಮುಗಿಸಿದಳು. ಹಾಕುವ ಮೊದಲು ತೋರಿಸುವುದು ನಮ್ಮ ಪದ್ಧತಿ. ಮುಖಕ್ಕೆ ಕಣ್ಣು ಮೂಗು ಇಲ್ಲ, ಒಲೆಯ ಕಡೆ ಬಾಗಿದ ಬೆನ್ನು, ಇಳಕಲ್ ಸೆರಗು, ದೊಡ್ಡ ಪಾದ. ಅವ್ವ ಬಹಳ ಹೊತ್ತು ಮೊಬೈಲ್ ಹಿಡಿದು ನೋಡಿದಳು.

"ನಾನs ಅದೀನಿ ನೋಡವ್ವ," ಎಂದಳು. ಆಮೇಲೆ ಬೆರಳಿಟ್ಟು, "ಈ ಬೆಳ್ಳಿ ಕಡಗ ತಗಿ. ನಮ್ಮ ಓಣ್ಯಾಗ ಇದು ನನ್ನ ಕೈಯಾಗ ಅಷ್ಟs ಐತಿ."

ಕಡಗ ಬೇರೆ ಲೇಯರ್‌ನಲ್ಲಿತ್ತು. ಅಲ್ಲೇ ಕೂತು ತೆಗೆದಳು.