ಊರೂರು ತಿರುಗಿದ ಹಾರ್ಮೋನಿಯಂ

ಬಿ.ವಿ. ಕಾರಂತರ ರೆಸ್ಯೂಮೆ ಇವತ್ತು ಯಾವುದಾದರೂ ಐಟಿ ಕಂಪನಿಯ ಎಚ್‌ಆರ್ ಕೈಗೆ ಸಿಕ್ಕರೆ ಏನಾಗಬಹುದು? ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಾರೆ ಅನ್ನೋದು ನನ್ನ ಅನುಮಾನ.

ನೀವೇ ನೋಡಿ. 1929ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿಗೆ ಸೇರಿದ್ದು. ಮುಂದೆ ಓದಲಿ ಅಂತ ಗುಬ್ಬಿ ವೀರಣ್ಣನವರೇ ಕಾಶಿಗೆ ಕಳಿಸಿದ್ದು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ್ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಡಿಪ್ಲೊಮಾ. ಆಮೇಲೆ ಅಲ್ಲೇ ಸ್ಕೂಲ್ ಮೇಷ್ಟ್ರು. ಬೆಂಗಳೂರಿಗೆ ಬಂದು ನಾಟಕ, ಸಿನಿಮಾ. 1977ರಲ್ಲಿ ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕ. ಅದನ್ನು ಬಿಟ್ಟು ಭೋಪಾಲದ ಭಾರತ ಭವನದ ರಂಗಮಂಡಲ. ಅದನ್ನೂ ಬಿಟ್ಟು 1989ರಲ್ಲಿ ಮೈಸೂರಿನ ರಂಗಾಯಣ. 2002ರಲ್ಲಿ ತೀರಿಕೊಂಡರು. ವೈದೇಹಿಯವರು ಕೇಳಿ ಬರೆದ ಅವರ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’.

‘ಯಾಕಿಷ್ಟು ಕಡೆ ಬಿಟ್ಟಿರಿ?’ ಈ ಪ್ರಶ್ನೆಯ ರುಚಿ ನನಗೂ ಗೊತ್ತು. ಎಂಟು ವರ್ಷದಲ್ಲಿ ಮೂರು ಕಂಪನಿ ಆಗಿದೆ. ಈಗ ಮೂರನೆಯದರಲ್ಲೂ ನೋಟಿಸ್ ಪೀರಿಯಡ್‌ನಲ್ಲಿದ್ದೇನೆ. ಇಂಟರ್‌ವ್ಯೂನಲ್ಲಿ ನಯವಾಗಿ ಕೇಳುತ್ತಾರೆ. ದೊಡ್ಡಆಲಹಳ್ಳಿಗೆ ಹೋದರೆ ನಮ್ಮಪ್ಪ ನೇರವಾಗಿ ಹೇಳುತ್ತೆ: “ಎಲ್ಲಾರ ಒಂದ್ ಕಡೆ ಬೇರು ಬಿಡ್ಲಾ ಮಗ.”

ಅದಕ್ಕೇ ಇರಬೇಕು, ಕಾರಂತರ ಬಗ್ಗೆ ಓದಲು ಶುರು ಮಾಡಿದವನು ನಿಲ್ಲಿಸಲು ಆಗಲಿಲ್ಲ. ಇಷ್ಟೆಲ್ಲ ಊರು ಬದಲಾಯಿಸಿದ ಮನುಷ್ಯ ಮಾಡಿದ ಕೆಲಸ ಯಾವುದು?

ಯುರೋಪಿನಲ್ಲಿ ಹುಟ್ಟಿದ್ದರೆ ಅವರನ್ನು ಒಪೆರಾ ನಿರ್ದೇಶಕ ಅನ್ನುತ್ತಿದ್ದರೇನೋ. ಕಥೆಯನ್ನು ಹಾಡಿನಲ್ಲೇ ನಡೆಸುವ ನಾಟಕ ಅದು. ಕನ್ನಡದಲ್ಲಿ ಅದಕ್ಕೆ ತೀರಾ ಹತ್ತಿರದ್ದು ಗೀತನಾಟಕ. ಕೃಷ್ಣ ಗೋಕುಲ ಬಿಟ್ಟು ಮಧುರೆಗೆ ಹೊರಡುವ ಕಥೆಯ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಬೆನಕ ತಂಡಕ್ಕೆ ನಿರ್ದೇಶಿಸಿದ್ದು ಕಾರಂತರೇ. ಆದರೆ ಒಪೆರಾ ಅಂದ ಕೂಡಲೇ ಕಣ್ಣಿಗೆ ಬರುವ ದೊಡ್ಡ ಥಿಯೇಟರು, ದೊಡ್ಡ ವಾದ್ಯವೃಂದ, ವರ್ಷಗಟ್ಟಲೆ ಕಂಠ ಪಳಗಿಸಿದ ಗಾಯಕರು, ಇದ್ಯಾವುದನ್ನೂ ಅವರು ಕಾಯಲಿಲ್ಲ. ಬೆಳಿಗ್ಗೆ ಆಫೀಸು, ಸಂಜೆ ತಾಲೀಮು ಅನ್ನುವ ಹವ್ಯಾಸಿ ನಟರ ಬಾಯಿಂದಲೇ ಹಾಡಿಸಿದರು. ಕಲ್ಲು, ಚಿಪ್ಪು, ಕೋಲು, ಚಪ್ಪಾಳೆ, ಉಸಿರು, ಸದ್ದು ಮಾಡುವ ಎಲ್ಲವೂ ಅವರಿಗೆ ವಾದ್ಯವೇ.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಅವರ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಡೆದವು. ಆ ಜಾಗವೇ ಇವತ್ತಿನ ಸಂಸ ಬಯಲು ರಂಗಮಂದಿರ. ಮಠದ ಒಳಜಗಳದ ಕಥೆಯಾದ ‘ಸತ್ತವರ ನೆರಳು’ ನಾಟಕಕ್ಕೆ ಪುರಂದರದಾಸರ ಪದಗಳನ್ನು ತಂದು ಕೂರಿಸಿದರು. ದೇವರ ಮನೆಯಲ್ಲಿ ಕೇಳಿದ ಪದವೇ ಅಲ್ಲಿ ಚುಚ್ಚಲು ಶುರುವಾಯಿತು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಹಿಂದಿಯಲ್ಲಿ ‘ಬರ್ನಂ ವನ’ ಆದಾಗ, ದೆಹಲಿಯ ನಟರ ಕಾಲಿಗೆ ಯಕ್ಷಗಾನದ ಹೆಜ್ಜೆ ಹಾಕಿಸಿದರು. ಅವರ ರಂಗಸಂಗೀತ ಕೇಳಿ ತಲೆದೂಗಲಿ ಅಂತ ಮಾಡಿದ್ದಲ್ಲ. ಮಾತು ಎಲ್ಲಿ ಸಾಲುವುದಿಲ್ಲವೋ ಅಲ್ಲಿಂದ ಕಥೆಯನ್ನು ಮುಂದಕ್ಕೆ ಎಳೆಯೋಕೆ ಮಾಡಿದ್ದು.

ಇದೆಲ್ಲ ಓದುತ್ತಾ ನನಗೆ ಪದೇ ಪದೇ ನೆನಪಾಗಿದ್ದು ನಮ್ಮ ಕಡೆಯ ನಾಟಕದ ಮೇಷ್ಟ್ರು. ಕನಕಪುರ, ಚನ್ನಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ‘ಕುರುಕ್ಷೇತ್ರ’ ಆಡಬೇಕು ಅಂತ ತೀರ್ಮಾನವಾದರೆ ಮೊದಲು ಹುಡುಕೋದು ಹಾರ್ಮೋನಿಯಂ ಮೇಷ್ಟ್ರನ್ನ. ಅವರು ಬಂದು ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸುತ್ತಾರೆ. ಉಳುವವನು, ಅಂಗಡಿಯವನು, ಕಂಡಕ್ಟರು, ಎಲ್ಲರಿಗೂ ಅವರವರ ಗಂಟಲಿಗೆ ಒಗ್ಗುವ ಶ್ರುತಿ ಹುಡುಕಿ ಕಂದ, ಪದ ಕಲಿಸುತ್ತಾರೆ. ಒಂದು ರಾತ್ರಿ ಬೆಳಗಿನ ತನಕ ನಾಟಕ. ಮಾರನೇ ದಿನ ಸೀನರಿ ಬಿಚ್ಚಿ ಲಾರಿಗೆ ತುಂಬುತ್ತಾರೆ. ಮೇಷ್ಟ್ರು ಪೆಟ್ಟಿಗೆ ಮುಚ್ಚಿಕೊಂಡು ಇನ್ನೊಂದು ಊರಿಗೆ ಹೊರಡುತ್ತಾರೆ.

ನಮ್ಮಪ್ಪ ಒಮ್ಮೆ ಭೀಮನ ಪಾತ್ರ ಮಾಡಿತ್ತು. ನಾನಾಗ ಪ್ರೈಮರಿ ಸ್ಕೂಲು. ಆ ಮೇಷ್ಟ್ರು ಮತ್ತೆ ನಮ್ಮೂರಿಗೆ ಬಂದಿದ್ದು ನನಗೆ ನೆನಪಿಲ್ಲ. ಆದರೆ ಇವತ್ತಿಗೂ ತೋಟದಲ್ಲಿ ಹುಳಕ್ಕೆ ಸೊಪ್ಪು ಕೊಯ್ಯುವಾಗ ಅಪ್ಪನ ಬಾಯಲ್ಲಿ ಬರೋದು ಭೀಮನ ಪದಗಳೇ. ಅದೇ ರಾಗ, ಅದೇ ಎಳೆತ. ರೆಕಾರ್ಡಿಂಗ್ ಇಲ್ಲ, ಬರೆದಿಟ್ಟ ಪುಸ್ತಕವೂ ಈಗ ಮನೆಯಲ್ಲಿಲ್ಲ. ನನಗೆ ಬೇರು ಬಿಡು ಅನ್ನುವ ಅಪ್ಪನಿಗೆ ಹಾಡು ಕೊಟ್ಟು ಹೋದವರು ಎಲ್ಲೂ ಬೇರು ಬಿಡದ ಮನುಷ್ಯ!

ಕಾರಂತರೂ ಈ ಜಾತಿಯವರೇ, ಭೂಪಟ ಮಾತ್ರ ದೊಡ್ಡದು. ಗುಬ್ಬಿ ಕಂಪನಿಯಲ್ಲಿ ಕಿವಿಗೆ ಬಿದ್ದದ್ದನ್ನು ಕಾಶಿಗೆ ಒಯ್ದರು, ಕಾಶಿಯದನ್ನು ಬೆಂಗಳೂರಿಗೆ, ಕರಾವಳಿಯದನ್ನು ದೆಹಲಿಗೆ. ಹೊರಗಿನಿಂದ ನೋಡಿದರೆ ಹತ್ತು ಕೆಲಸ. ಒಳಗೆ ಒಂದೇ ಕೆಲಸ, ಹಾಡು ಗೊತ್ತಿಲ್ಲ ಅಂದುಕೊಂಡವನ ಗಂಟಲಲ್ಲಿ ಹಾಡು ಹುಡುಕುವುದು. ಅವರು ರಂಗಾಯಣ ಬಿಟ್ಟ ಮೇಲೂ ಅವರು ಆರಿಸಿ ಪಳಗಿಸಿದ ಕಲಾವಿದರು ಅಲ್ಲಿ ವರ್ಷಗಟ್ಟಲೆ ಆಡಿದರು. ಬೆನಕದವರು ಅವರಿಲ್ಲದೆಯೂ ಅವರ ನಾಟಕಗಳನ್ನು ಆಡಿದರು. ನಾಟಕದ ಸೆಟ್ಟು ಮಳೆಗೆ ಹೋಗುತ್ತೆ, ಹಾಡು ಗಂಟಲಿನಿಂದ ಗಂಟಲಿಗೆ ಹೋಗುತ್ತೆ.

ನಾನು ಕಾರಂತ ಅಲ್ಲ ಅನ್ನೋದು ಗೊತ್ತು. ನಾನು ಕಂಪನಿ ಬಿಟ್ಟಿದ್ದು ಸಂಬಳ ಹೆಚ್ಚಾಗುತ್ತೆ ಅಂತ, ಹೋಮ್ ಲೋನ್ ಇದೆ ಅಂತ. ಅದರಲ್ಲಿ ನಾಚಿಕೆ ಏನಿಲ್ಲ. ನಾನು ಬರೆದ ಕೋಡ್ ಮೂರು ವರ್ಷ ಬಾಳಿದರೆ ಹೆಚ್ಚು, ಅಷ್ಟರಲ್ಲಿ ಯಾರೋ ಹೊಸದಾಗಿ ಬರೆದಿರುತ್ತಾರೆ. ಹಾಗಿದ್ದಾಗ ಬಿಡಬೇಕಾ, ಇರಬೇಕಾ ಅನ್ನೋದಕ್ಕಿಂತ ಬಿಟ್ಟ ಜಾಗದಲ್ಲಿ ಯಾರ ಗಂಟಲಲ್ಲಿ ಏನು ಉಳಿಯಿತು ಅನ್ನೋದೇ ದೊಡ್ಡ ಪ್ರಶ್ನೆ ಅಂತ ಈಗ ಅನ್ನಿಸುತ್ತೆ.

ಹಾಗಾಗಿ ಈ ಸಲದ ಅರವತ್ತು ದಿನದ ನೋಟಿಸನ್ನು ನಾನು ಲೆಕ್ಕ ಹಾಕಿ ಕಳೆಯುತ್ತಿಲ್ಲ. ನಮ್ಮ ಟೀಮಿಗೆ ಇಬ್ಬರು ಹೊಸಬರು ಬಂದಿದ್ದಾರೆ. ಹ್ಯಾಂಡೋವರ್ ಡಾಕ್ಯುಮೆಂಟ್ ಕಳಿಸಿ ಕೈತೊಳೆದುಕೊಳ್ಳೋ ಬದಲು ದಿನಾ ಸಂಜೆ ಒಂದು ಗಂಟೆ ಮೂರು ಜನ ಒಟ್ಟಿಗೆ ಕೂರುತ್ತೇವೆ. ಕೀಬೋರ್ಡ್ ಅವರ ಕೈಯಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ. ಕಳೆದ ಗುರುವಾರ ರಾತ್ರಿಯ ರಿಲೀಸನ್ನು ಅವರಿಬ್ಬರೇ ಮಾಡಿದರು. ಮಧ್ಯದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಾಗ ನನ್ನ ಕಡೆ ತಿರುಗಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಒಬ್ಬಳು, “ತಡೀರಿ ಸರ್, ನಮಗೇ ಗೊತ್ತಾಯ್ತು” ಅಂದಳು.