ಹನ್ನೆರಡು ಮನೆ ದುಡ್ಡು, ಒಂದು ಮೂಟೆ ಕಪ್ಪು ಕಾಳು

ನಮ್ಮ ಮನೆ ಹಿಂದಿನ ಕೊಟ್ಟಿಗೆ ಮೂಲೆಯಲ್ಲಿ ಒಂದು ಮೂಟೆ ಇದೆ. ಬಿಚ್ಚಿದರೆ ಕಪ್ಪು ಕಾಳು, ಮುಟ್ಟಿದರೆ ಕೈಗೆ ಮಸಿ. ಬಂದವರು "ಇದೇನ್ ಸ್ವಾಮಿ, ಇದ್ದಿಲಾ?" ಅಂತ ಕೇಳುತ್ತಾರೆ. ಹೌದು, ಇದ್ದಿಲೇ. ತೆಂಗಿನ ಚಿಪ್ಪು ಸುಟ್ಟು ತಯಾರಿಸಿದ ಆಕ್ಟಿವೇಟೆಡ್ ಕಾರ್ಬನ್. ಬೀದಿಯ ಹನ್ನೆರಡು ಮನೆಯವರು ನಮ್ಮನ್ನು ನಂಬಿ ಕೊಟ್ಟ ದುಡ್ಡಿನಲ್ಲಿ ತಂದದ್ದು. ನೀವೂ ಫಿಲ್ಟರ್ ತರುವ ಯೋಚನೆಯಲ್ಲಿದ್ದರೆ ನಮ್ಮ ತಪ್ಪನ್ನು ಮೊದಲು ಓದಿ.

ನಾವಿರುವುದು ಅನುಗೊಂಡನಹಳ್ಳಿ ಹೋಬಳಿಯಲ್ಲಿ. ಕುಡಿಯುವ ನೀರು ತರುತ್ತಿದ್ದ ಘಟಕ ಕೆಟ್ಟು ನಿಂತಿತ್ತು. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದವರೆಲ್ಲ ಮತ್ತೆ ಬೋರ್‌ವೆಲ್ ನೀರಿಗೆ ಬಂದೆವು. ಬೀದಿಯವರು ಸೇರಿ ಒಂದು ಫಿಲ್ಟರ್ ಹಾಕಿಸೋಣ ಎಂದಾಗ ಎಲ್ಲರೂ ನಮ್ಮ ಕಡೆ ನೋಡಿದರು. "ನೀವು ಪೇಪರ್‌ನೋರು, ನಿಮಗೆ ಗೊತ್ತಿರತ್ತೆ" ಅಂದರು. ಮನೆಗೆ 1,000 ರೂಪಾಯಿ ಕೂಡಿತು.

ನಮ್ಮ ತಲೆಯಲ್ಲಿ ಇದ್ದದ್ದು ದಕ್ಷಿಣ ಪಿನಾಕಿನಿ. ವರ್ತೂರು ಕೆರೆ ದಾಟಿ ಬೆಂಗಳೂರಿನ ಕೊಳಚೆ ಆ ಹೊಳೆ ಸೇರುವುದನ್ನು ನಮ್ಮ ಕಡೆಯವರು ನೋಡುತ್ತಲೇ ಇದ್ದೇವೆ. ನೀರು ಕೆಟ್ಟಿದ್ದರೆ ಅದರಿಂದಲೇ ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಅಂಗಡಿಯವನು ಕಾರ್ಬನ್ ತೋರಿಸಿ "ಎಲ್ಲಾ ಹೀರ್ಕೊಳ್ಳತ್ತೆ ಸಾರ್" ಅಂದ. ಏನು ಹೀರಬೇಕು ಅಂತ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಫಿಲ್ಟರ್ ನೀರು ರುಚಿಯಾಗಿಯೇ ಇತ್ತು. ಎರಡು ತಿಂಗಳ ಮೇಲೆ ಎದುರು ಮನೆ ಅಜ್ಜಿ ಏಳು ವರ್ಷದ ಮೊಮ್ಮಗನನ್ನು ಕರೆತಂದು, "ಇವನ ಹೊಸ ಹಲ್ಲು ನೋಡಪ್ಪ, ಸುಣ್ಣ ಬಳಿದಂಗೈತೆ" ಅಂದರು. ಫ್ಲೋರೈಡ್ ಬಗ್ಗೆ ನಾವೇ ವರದಿ ಬರೆದವರು. ಬಾಗೇಪಲ್ಲಿ, ಪಾವಗಡ ಕಡೆಯ ಕಥೆ ಅಂತ ಬರೆದಿದ್ದೆವೇ ಹೊರತು ನಮ್ಮ ಬೀದಿಯ ನಲ್ಲಿಗೆ ಕಿಟ್ ಹಿಡಿದಿರಲಿಲ್ಲ.

ಜಲಜೀವನ್ ಮಿಷನ್ ಅಡಿ ಪಂಚಾಯಿತಿಗೆ ಕೊಟ್ಟಿರುವ ಕಿಟ್ ತರಿಸಿದೆವು. ನೀರಿಗೆ ದ್ರಾವಣ ಬೆರೆಸಿದರೆ ಬಣ್ಣ ಬರುತ್ತದೆ. ಕೆಂಪು ತಗ್ಗಿ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಫಿಲ್ಟರ್‌ಗೆ ಮುಂಚಿನ ನೀರು, ಫಿಲ್ಟರ್ ಆದ ನೀರು, ಎರಡನ್ನೂ ಪಕ್ಕಪಕ್ಕ ಇಟ್ಟೆವು. ಎರಡೂ ಒಂದೇ ಹಳದಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೂ ಕೊಟ್ಟೆವು. ಲೀಟರಿಗೆ 2.5 ಮಿಲಿಗ್ರಾಂ ಅಂತ ಬಂತು. ಭಾರತೀಯ ಮಾನಕ ಬ್ಯೂರೋ ಹೇಳುವ ಮಿತಿ 1. ಬೇರೆ ನೀರೇ ಇಲ್ಲದಿದ್ದರೆ 1.5.

ಇದು ಹೊಳೆಯಿಂದ ಬಂದದ್ದಲ್ಲ, ಕೆಳಗಿನ ಕಲ್ಲಿನಿಂದ ಬಂದದ್ದು. ಬೋರ್ ಆಳಕ್ಕೆ ಹೋದಂತೆ ನೀರು ಕಲ್ಲಿನೊಳಗೆ ಬಹಳ ಕಾಲ ನಿಂತು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಇನ್ನೂ ಗಟ್ಟಿಯಾಗುತ್ತದೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಈ ನೀರು ಕುಡಿದರೆ ಬೀಳುವ ಕಲೆ ಮತ್ತೆ ಹೋಗುವುದಿಲ್ಲ. ಆ ಹುಡುಗನ ಹಲ್ಲಿಗೆ ನಮ್ಮ ಫಿಲ್ಟರ್ ಕಾರಣವಲ್ಲ, ಆ ಹಲ್ಲು ಹಿಂದೆಯೇ ಕೆಟ್ಟಿತ್ತು. ಆದರೆ ಅವನಿಗೊಬ್ಬಳು ತಂಗಿ ಇದ್ದಾಳೆ, ಮೂರು ವರ್ಷ. ಎರಡು ತಿಂಗಳು ಅವಳಿಗೆ "ಫಿಲ್ಟರ್ ನೀರು" ಅಂತ ಧೈರ್ಯವಾಗಿ ಕುಡಿಸಿದ್ದು ನಮ್ಮ ಮಾತು ಕೇಳಿ.

ಆಮೇಲೆ ಕೂತು ಕಲಿತೆವು. ಈ ಕಾಳುಗಳು ಜರಡಿಯಂತಲ್ಲ, ಬಸ್ಸಿನಂತೆ. ಒಂದೊಂದು ಕಾಳಿನೊಳಗೂ ಕಣ್ಣಿಗೆ ಕಾಣದ ಸಾವಿರಾರು ಸೀಟು. ನೀರು ಹಾದುಹೋಗುವಾಗ ಬೇಡದ ವಸ್ತು ಅಲ್ಲಿ ಅಂಟಿಕೊಂಡು ಕೂರುತ್ತದೆ. ಆದರೆ ಒಂದೊಂದು ಬಸ್ಸು ಒಂದೊಂದು ಊರಿಗೆ. ಕಾರ್ಬನ್ ವಾಸನೆ, ಬಣ್ಣ, ಕ್ಲೋರಿನ್, ಹಲವು ಕೀಟನಾಶಕಗಳನ್ನು ಹಿಡಿಯುತ್ತದೆ. ಫ್ಲೋರೈಡ್, ನೈಟ್ರೇಟ್, ಗಡಸುತನದ ವಿಷಯದಲ್ಲಿ ಅದನ್ನು ನಂಬಬಾರದು. ಫ್ಲೋರೈಡ್‌ಗೆ ಆಕ್ಟಿವೇಟೆಡ್ ಅಲ್ಯುಮಿನಾ. ಯಾದಗಿರಿಯ ಕಿರದಳ್ಳಿ ತಾಂಡಾದಲ್ಲಿ ಸಿಕ್ಕಂಥ ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡ್ ಕಾಳು. ನೈಟ್ರೇಟ್ ಮಿತಿ 45 ದಾಟಿದ್ದರೆ ಅಲ್ಯುಮಿನಾ ಸಾಲದು, ಆರ್‌ಓ ಬೇಕು. ಅದಕ್ಕೇ ನೀರಿನ ವರದಿ ಮೊದಲು, ಅಂಗಡಿ ಆಮೇಲೆ.

ಅಲ್ಯುಮಿನಾ ಕೊಳ್ಳಲು ಹೋದಾಗಲೂ ಇನ್ನೊಂದು ಗುಂಡಿಗೆ ಬೀಳುತ್ತಿದ್ದೆವು. ಒಂದು ಅಂಗಡಿಯಲ್ಲಿ ಕಡಲೆಕಾಳು ಗಾತ್ರದ ಬಿಳಿ ಗುಂಡು ಕೊಟ್ಟರು. ಹೆಸರು ಅದೇ, ಬೆಲೆ ಕಡಿಮೆ. ವಿಚಾರಿಸಿದರೆ ಅದು ಕಾರ್ಖಾನೆಗಳಲ್ಲಿ ಕಂಪ್ರೆಸರ್ ಗಾಳಿಯ ತೇವ ಹೀರಲು ಬಳಸುವ ಸರಕು. ಫ್ಲೋರೈಡ್‌ಗೆ ಬೇಕಾದದ್ದು ದಪ್ಪ ರವೆಯಷ್ಟು ಸಣ್ಣದು, ಒಂದು ಮಿಲಿಮೀಟರ್ ಆಸುಪಾಸು. ಕಾಳು ದಪ್ಪವಾದರೆ ಒಳಗಿನ ಸೀಟಿಗೆ ಫ್ಲೋರೈಡ್ ತಲುಪುವಷ್ಟರಲ್ಲಿ ನೀರು ನಲ್ಲಿ ದಾಟಿರುತ್ತದೆ.

ಎಷ್ಟು ದಿನ ಬರುತ್ತದೆ ಅನ್ನುವ ಲೆಕ್ಕವನ್ನು ಈ ಸಲ ಎಲ್ಲರ ಮುಂದೆಯೇ ಮಾಡಿದೆವು. ಕಂಪನಿ ಹಾಳೆಯಲ್ಲಿ ಬರೆದಿರುವ ಸಾಮರ್ಥ್ಯ ಸ್ವಲ್ಪ ಹುಳಿ ನೀರಿನಲ್ಲಿ ಅಳೆದದ್ದಿರಬಹುದು. ನಮ್ಮ ಬೋರ್ ನೀರು ಕ್ಷಾರದ್ದು, ಅದರಲ್ಲಿರುವ ಬೈಕಾರ್ಬೊನೇಟ್ ಕೂಡ ಸೀಟು ಹಿಡಿಯುತ್ತದೆ. ಆದ್ದರಿಂದ ಕಿಲೋಗೆ ಒಂದೇ ಗ್ರಾಂ ಫ್ಲೋರೈಡ್ ಅಂತ ಹಿಡಿದೆವು. 25 ಕಿಲೋಗೆ 25 ಗ್ರಾಂ, ಅಂದರೆ 25,000 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ತೆಗೆಯಬೇಕಾದರೆ 12,500 ಲೀಟರ್. ಹನ್ನೆರಡು ಮನೆಗೆ ದಿನಕ್ಕೆ 20 ಲೀಟರಿನಂತೆ 240 ಲೀಟರ್. 52 ದಿನ. ಅಷ್ಟೇ.

"ಅಷ್ಟೇನಾ?" ಅಂದರು ಹಾಲಿನ ಡೈರಿ ಅಣ್ಣ. ಅಷ್ಟೇ. ಅಲ್ಯುಮಿನಾ ಸೀಟುಗಳನ್ನು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮೇಲೆ ಆಸಿಡ್‌ನಲ್ಲಿ ಹದ ಮಾಡಿ ಮತ್ತೆ ಬಳಸಬಹುದು. ಆದರೆ ಅದು ಮಕ್ಕಳಿರುವ ಮನೆಯಲ್ಲಿ ಮಾಡುವ ಕೆಲಸವಲ್ಲ. ತೊಳೆದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗಿರುತ್ತದೆ, ಕೆರೆಗಾಗಲಿ ಚರಂಡಿಗಾಗಲಿ ಬಿಡಬಾರದು. ತುಂಬಿದ ಕಾಳು ವಾಪಸ್ ಪಡೆದು, ತೊಳೆದು ಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆದುಕೊಟ್ಟವರ ಹತ್ತಿರವೇ ಕೊಂಡೆವು. ಬೆಲೆ ಸ್ವಲ್ಪ ಹೆಚ್ಚೇ ಆಯಿತು. ಆ ಹೆಚ್ಚಿನದ್ದನ್ನು ನಾವು ಹಾಕಿಕೊಂಡೆವು, ಯಾರೂ ಕೇಳದಿದ್ದರೂ.

ಈಗ ನಲ್ಲಿ ನಿಧಾನ. ನೀರು ಕಾಳಿನ ನಡುವೆ ಹತ್ತು ನಿಮಿಷವಾದರೂ ಇರಬೇಕು, ಆದ್ದರಿಂದ ಒಂದು ಕ್ಯಾನ್ ತುಂಬಲು ಆರು ನಿಮಿಷ. ಮೊದಲ ವಾರ ಯಾರೋ ಸಿಟ್ಟಿಗೆ ವಾಲ್ವ್ ಪೂರ್ತಿ ತಿರುಗಿಸಿದ್ದರು. ಅಜ್ಜಿ ಗದರಿಸಿ ಮುಚ್ಚಿಸಿದರು. ಹೊಸ ಕಾಳು ತೊಳೆದ ಮೊದಲ ನೀರನ್ನೂ ಯಾರೂ ಕುಡಿಯಲಿಲ್ಲ, ಅದರಲ್ಲಿ ಅಲ್ಯುಮಿನಾ ಪುಡಿ ಇರುತ್ತದೆ. ಗೋಡೆ ಮೇಲೆ ಕ್ಯಾನಿಗೊಂದು ಸೀಮೆಸುಣ್ಣದ ಗೆರೆ. ಹದಿನೈದು ದಿನಕ್ಕೊಮ್ಮೆ ಕಿಟ್. ಲೆಕ್ಕ 52 ದಿನ ಅಂದರೂ ಬಣ್ಣ ಮೊದಲೇ ತಿರುಗಿದರೆ ಬಣ್ಣದ ಮಾತೇ ಕೊನೆ.

ನೀವು ಕೊಳ್ಳಲು ಹೊರಟರೆ ಲ್ಯಾಬ್ ಚೀಟಿ ಜೇಬಿನಲ್ಲಿರಲಿ. ಅಂಗಡಿಯವರನ್ನು ನಾಲ್ಕು ಮಾತು ಕೇಳಿ: ಇದು ಏನನ್ನು ಹಿಡಿಯುತ್ತದೆ? ನಮ್ಮಂಥ ನೀರಿನಲ್ಲಿ ಎಷ್ಟು ಲೀಟರ್ ಬರುತ್ತದೆ? ಕಾಳಿನ ಗಾತ್ರ ಎಷ್ಟು? ತುಂಬಿದ ಮೇಲೆ ಯಾರು ಒಯ್ಯುತ್ತಾರೆ? "ಎಲ್ಲಾ ಹೀರ್ಕೊಳ್ಳತ್ತೆ" ಅಂದರೆ ಎದ್ದು ಬನ್ನಿ.

ಕಪ್ಪು ಮೂಟೆಯನ್ನು ನಾವು ಬಿಸಾಡಿಲ್ಲ. ಅಜ್ಜಿಯ ಮೊಮ್ಮಗಳು ಆಟವಾಡಲು ಬಂದಾಗಲೆಲ್ಲ ಅದರ ಮೇಲೇ ಹತ್ತಿ ಕೂರುತ್ತಾಳೆ. ಅವಳಿಗಿನ್ನೂ ಹಾಲುಹಲ್ಲು.