ದುಂಡಕ್ಷರ

ನನ್ನ ಅಕ್ಷರ ದುಂಡಗಿದೆ ಎಂಬ ಖ್ಯಾತಿ ಧಾರವಾಡದ ನಮ್ಮ ಓಣಿಯಲ್ಲಿ ಬಹುಕಾಲದಿಂದ ಉಂಟು. ಮೂವತ್ತನಾಲ್ಕು ವರ್ಷ ಶಾಲೆಯ ಕರಿಹಲಗೆಯ ಮೇಲೆ ಬರೆದ ಕೈ; ಅದು ದುಂಡಗಾಗದೆ ಇನ್ನೇನಾದೀತು? ಕ್ರಿಸ್‌ಮಸ್ ಬಂತೆಂದರೆ ಗೋಡೆಗೆ ತೂಗಹಾಕುವ ವಚನಗಳು, ಮದುವೆ ಬಂತೆಂದರೆ ಲಕೋಟೆಗಳ ಮೇಲಿನ ವಿಳಾಸಗಳು, ಎಲ್ಲವೂ ನನ್ನ ಪಾಲಿಗೇ. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಆಗದೆಂದು ಯಾರನ್ನೂ ಹಿಂದಕ್ಕೆ ಕಳುಹಿಸಿದವಳಲ್ಲ.

1988ರ ಮಳೆಗಾಲದ ಒಂದು ಸಂಜೆ ನೆರೆಮನೆಯಾಕೆ ಬಂದಳು. ನಮ್ಮ ಸಭೆಯವಳೇ, ನನಗಿಂತ ಐದಾರು ವರ್ಷ ಹಿರಿಯಳು. ಸತ್ಯವೇದದ ಕೆಲವು ವಚನಗಳನ್ನು ದಪ್ಪ ಕಾಗದದ ಚೀಟಿಗಳ ಮೇಲೆ ಬರೆದುಕೊಡಬೇಕೆಂದು ಕೇಳಿದಳು. ಯಾಜಕಕಾಂಡದ 20ನೆಯ ಅಧ್ಯಾಯದಿಂದ ಒಂದು, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಿಂದ ಎರಡು. ಓದದವರಿಗಾಗಿ ಹೇಳುತ್ತೇನೆ: ಗಂಡಸು ಗಂಡಸನ್ನು ಕೂಡುವುದು ಅಸಹ್ಯವೆಂದೂ ಅದಕ್ಕೆ ಮರಣವೇ ದಂಡನೆಯೆಂದೂ ಮೊದಲನೆಯದು ವಿಧಿಸುತ್ತದೆ. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅವಳ ಹದಿನೇಳು ವರ್ಷದ ಮಗನ ಪುಸ್ತಕದಲ್ಲಿ ಸಹಪಾಠಿಯೊಬ್ಬನಿಗೆ ಬರೆದ ಕಾಗದ ಸಿಕ್ಕಿದ ಸುದ್ದಿ, ತಂದೆಯ ಬೆಲ್ಟಿನ ಸದ್ದಿನೊಂದಿಗೆ, ಆಗಲೇ ನಮ್ಮ ಗೋಡೆಯನ್ನು ದಾಟಿ ಬಂದಿತ್ತು.

ಬರೆದುಕೊಟ್ಟೆ. ತಲೆಕಟ್ಟುಗಳಿಗೆ ಕೆಂಪು ಶಾಯಿಯನ್ನೂ ಹಚ್ಚಿದೆ. ಒಂದು ಚೀಟಿ ಕನ್ನಡಿಗೆ ಅಂಟಿತು, ಇನ್ನೊಂದು ಓದುವ ಮೇಜಿಗೆ, ಮತ್ತೊಂದು ಬುತ್ತಿಡಬ್ಬಿಯ ಮುಚ್ಚಳದ ಒಳಗೆ. ವಾರ ಕಳೆದಮೇಲೆ ಹುಡುಗ ಓಣಿಯಲ್ಲಿ ಎದುರಾದ. ಸೈಕಲ್ಲಿನಿಂದ ಇಳಿದು, "ಟೀಚರ್, ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಮುಂದಿನ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮುಗಿದ ರಾತ್ರಿಯೇ ಅವನು ಮುಂಬಯಿಯ ರೈಲು ಹತ್ತಿದ.

ಇದನ್ನು ನಾನು ಮರೆತಿದ್ದೆನೆಂದರೆ ಸುಳ್ಳಾದೀತು, ಮಡಿಸಿಟ್ಟಿದ್ದೆ ಎನ್ನಬಹುದು. ಮಡಿಕೆ ಬಿಚ್ಚಿದ್ದು ದೂರದ ಊರಿನಲ್ಲಿ. ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2019ರಲ್ಲಿ ಮೂರು ತಿಂಗಳು ಅವಳ ಮನೆಯಲ್ಲಿ, ಅಲ್ಲಿಗೆ ಹೋದ ಎಲ್ಲ ತಾಯಂದಿರ ಹಾಗೆ, ಕಿಟಕಿಯ ಬಳಿ ಕುಳಿತಿದ್ದೆ. ಹೊತ್ತು ಕಳೆಯಲೆಂದು ಅವಳು ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳಲ್ಲಿ ಒಂದು, 'ಬಾಬಿಗಾಗಿ ಪ್ರಾರ್ಥನೆಗಳು'. ಲೆರಾಯ್ ಆರನ್ಸ್ ಎಂಬ ಪತ್ರಕರ್ತ ಬರೆದು 1995ರಲ್ಲಿ ಪ್ರಕಟಿಸಿದ್ದು. ಭಕ್ತಿಪುಸ್ತಕವೆಂದುಕೊಂಡು ತೆರೆದೆ.

ಅದು ಅದೇ ಪ್ರಾಂತದ ವಾಲ್‌ನಟ್ ಕ್ರೀಕ್ ಎಂಬ ಊರಿನ ಮೇರಿ ಗ್ರಿಫಿತ್ ಎಂಬಾಕೆಯ ಕಥೆ. ಪ್ರೆಸ್ಬಿಟೀರಿಯನ್ ಸಭೆಯವಳು, ನಾಲ್ಕು ಮಕ್ಕಳ ತಾಯಿ. 1979ರಲ್ಲಿ ಅವಳ ಮಗ ಬಾಬಿ ತಾನು ಸಲಿಂಗಪ್ರೇಮಿಯೆಂದು ಸೋದರನಲ್ಲಿ ಹೇಳಿಕೊಂಡ. ಮಾತು ತಾಯಿಗೆ ತಲುಪಿತು. ಮೇರಿ ಮಗನನ್ನು ಹೊಡೆಯಲಿಲ್ಲ, ಮನೆಯಿಂದ ಅಟ್ಟಲಿಲ್ಲ. ದೇವರು ಗುಣಪಡಿಸುವನೆಂದು ನಂಬಿ ಪ್ರಾರ್ಥಿಸಿದಳು. ಕ್ರೈಸ್ತ ಸಲಹೆಗಾರರಲ್ಲಿಗೆ ಕಳುಹಿಸಿದಳು. ಅವನ ಕಣ್ಣಿಗೆ ಬೀಳುವಲ್ಲೆಲ್ಲ ಸತ್ಯವೇದದ ವಚನಗಳನ್ನು ಬರೆದು ಅಂಟಿಸಿದಳು. ಇಷ್ಟು ಓದಿ ಪುಸ್ತಕವನ್ನು ಮಡಿಲಲ್ಲಿ ಬೋರಲು ಹಾಕಿದೆ. ಮಗಳು ಕಾಫಿ ತಂದವಳು, ಏಕಮ್ಮಾ ಹೀಗಿದ್ದೀ ಎಂದಳು. ಚಳಿ ಎಂದೆ.

ಸ್ವರ್ಗದಲ್ಲಿ ಮಗನೊಬ್ಬ ತನ್ನ ಜೊತೆ ಇರಲಾರನೆಂಬುದೇ ಮೇರಿಯ ದೊಡ್ಡ ಭಯ. ಆ ಭಯದಲ್ಲಿ ಸುಳ್ಳಿಲ್ಲ. ನಂಬಿದವರಿಗೆ ನರಕವೆಂಬುದು ಅಲಂಕಾರದ ಮಾತಲ್ಲ. ಆದರೆ ಬಾಬಿ ತನ್ನ ದಿನಚರಿಯಲ್ಲಿ ತನ್ನನ್ನೇ ಹಳಿದುಕೊಳ್ಳುತ್ತ ಬಂದ. 1983ರ ಆಗಸ್ಟ್ 27ರಂದು, ಪೋರ್ಟ್‌ಲೆಂಡ್ ನಗರದಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗ ಪ್ರಾಣ ಕಳೆದುಕೊಂಡ. ಆಮೇಲೆ ಆ ದಿನಚರಿಯನ್ನು ಓದಿದವಳು ತಾಯಿ.

ಮಗನೀಗ ಎಲ್ಲಿದ್ದಾನೆ ಎಂಬ ಒಂದೇ ಪ್ರಶ್ನೆ ಹಿಡಿದು ಮೇರಿ ಓದತೊಡಗಿದಳು. ಸಲಿಂಗಪ್ರೇಮಿಗಳನ್ನು ಸೇರಿಸಿಕೊಳ್ಳುವ ಇನ್ನೊಂದು ಸಭೆಯ ಪಾದ್ರಿಯ ಬಳಿಗೂ ಹೋದಳು. ಕಡೆಗೆ ಅವಳು ಕಂಡುಕೊಂಡದ್ದು, ದೇವರು ಬಾಬಿಯನ್ನು ಗುಣಪಡಿಸಲಿಲ್ಲವೇಕೆಂದರೆ ಗುಣಪಡಿಸಬೇಕಾದದ್ದೇನೂ ಅವನಲ್ಲಿರಲಿಲ್ಲ. ವೈದ್ಯರಾದರೋ ಈ ಮಾತಿಗೆ ಮೊದಲೇ ಬಂದಿದ್ದರು. ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ಇದನ್ನು ತೆಗೆದದ್ದು 1973ರಲ್ಲಿ, ಬಾಬಿಗೆ ಹತ್ತು ವರ್ಷವಾಗಿದ್ದಾಗ. ಉಳಿದ ಆಯುಷ್ಯವನ್ನೆಲ್ಲ ಮೇರಿ ಇಂಥ ಮಕ್ಕಳ ತಂದೆತಾಯಿಗಳ ನಡುವೆ ಕಳೆದು 2020ರಲ್ಲಿ ತೀರಿಕೊಂಡಳು. ಅವಳು ಸೇರಿದ ಪಾಲಕರ ಸಂಘವನ್ನು ಆರಂಭಿಸಿದವಳು ನ್ಯೂಯಾರ್ಕಿನ ಜೀನ್ ಮ್ಯಾನ್‌ಫರ್ಡ್. ಅವಳೂ ನನ್ನ ಹಾಗೆ ಶಾಲಾ ಶಿಕ್ಷಕಿ. 1972ರಲ್ಲಿ ಮಗನನ್ನು ಯಾರೋ ಹೊಡೆದಾಗ, ನನ್ನ ಮಗ ಇಂಥವನು, ನನಗೆ ಅವನ ಮೇಲೆ ಪ್ರೀತಿಯಿದೆ ಎಂದು ಪತ್ರಿಕೆಗೆ ಬರೆದಳು. ಸಂಘದ ಮೊದಲ ಸಭೆ ನಡೆದದ್ದು 1973ರಲ್ಲಿ, ಒಂದು ಮೆಥೊಡಿಸ್ಟ್ ದೇವಾಲಯದಲ್ಲಿ. ದೇವಾಲಯದ ಬಾಗಿಲುಗಳೂ ಎಲ್ಲವೂ ಒಂದೇ ಕಡೆಗೆ ತೆರೆಯುವುದಿಲ್ಲ.

ಊರಿಗೆ ಮರಳಿ ನಾನು ಮೊದಲು ಮಾಡಿದ ಕೆಲಸ, ಯಾಜಕಕಾಂಡದ ಆ ಅಧ್ಯಾಯವನ್ನು ಪೂರ್ತಿ ಓದಿದ್ದು. ಬರೆದುಕೊಟ್ಟಾಗ ಹದಿಮೂರನೆಯ ವಚನವನ್ನಷ್ಟೇ ನೋಡಿದ್ದೆ. ಅದೇ ಪುಟದಲ್ಲಿ, ನಾಲ್ಕು ವಚನ ಮೇಲೆ, ತಂದೆತಾಯಿಗಳನ್ನು ಶಪಿಸಿದ ಮಗನಿಗೂ ಮರಣದಂಡನೆಯೇ. ಇದನ್ನು ಬರೆದುಕೊಡೆಂದು ನಮ್ಮ ಓಣಿಯಲ್ಲಿ ಯಾರೂ ಬರಲಿಲ್ಲ. ಬಂದಿದ್ದರೆ ಅರ್ಧ ಮನೆಗಳಲ್ಲಿ ಮಕ್ಕಳು ಉಳಿಯುತ್ತಿರಲಿಲ್ಲ. ಶಾಸ್ತ್ರವಾದ ನನ್ನಿಂದಾಗುವ ಕೆಲಸವಲ್ಲ. ನಮ್ಮ ಪಾದ್ರಿಗಳು ಈಗಲೂ ಹದಿಮೂರನೆಯ ವಚನದ ಕಡೆಯವರೇ, ನಾನು ಈಗಲೂ ಭಾನುವಾರ ಅವರ ಎದುರು ಮೂರನೆಯ ಸಾಲಿನಲ್ಲಿ ಕೂರುವವಳೇ.

ಸ್ಯಾನ್ ಫ್ರಾನ್ಸಿಸ್ಕೋ ರಾಜ್ಯ ವಿಶ್ವವಿದ್ಯಾಲಯದ ಕೇಟ್ಲಿನ್ ರಯಾನ್ ಎಂಬ ವಿದುಷಿ ಇಂಥ 224 ಮಂದಿ ತರುಣ ತರುಣಿಯರನ್ನು ವಿಚಾರಿಸಿ 2009ರಲ್ಲಿ ವರದಿ ಪ್ರಕಟಿಸಿದಳು. ಹದಿಹರೆಯದಲ್ಲಿ ಮನೆಯವರ ತಿರಸ್ಕಾರವನ್ನು ಹೆಚ್ಚಾಗಿ ಉಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಸಂಭವ ಎಂಟು ಪಟ್ಟಿಗೂ ಮಿಗಿಲಾಗಿತ್ತು. ಆಕೆ ಹೇಳುವ ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು: ಇಂಥ ತಂದೆತಾಯಿಗಳಲ್ಲಿ ಬಹಳ ಮಂದಿ ಮಗುವನ್ನು ಕಾಪಾಡುತ್ತಿದ್ದೇವೆಂದೇ ತಿಳಿದಿರುತ್ತಾರೆ. ನೆರೆಮನೆಯಾಕೆ ಆ ಚೀಟಿಯ ಡಬ್ಬಿಯಲ್ಲಿ ದಿನವೂ ಅವನಿಗೆ ಪ್ರಿಯವಾದ ಶೇಂಗಾ ಚಟ್ನಿಯನ್ನೇ ಹಾಕುತ್ತಿದ್ದಳು.

ಅವಳ ಮಗ ಬದುಕಿದ್ದಾನೆ. ಮುಂಬಯಿಯಲ್ಲಿ ಲೆಕ್ಕಪತ್ರದ ಕೆಲಸ. 2011ರಲ್ಲಿ ತಂದೆ ತೀರಿದಾಗ ಬಂದು, ಸ್ಮಶಾನದ ಗೇಟಿನ ಬಳಿ ನಿಂತಿದ್ದು, ಸಂಜೆಯ ಗಾಡಿಗೇ ಹಿಂದಿರುಗಿದ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಇಂಗ್ಲಿಷರು 1860ರಲ್ಲಿ ಬರೆದಿಟ್ಟ 377ನೆಯ ಕಲಮಿನಿಂದ ಇಂಥವರನ್ನು ಬಿಡುಗಡೆ ಮಾಡಿತು. ಮರುದಿನದ ಪತ್ರಿಕೆಯನ್ನು ನಾನೇ ಅವಳಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದಮೇಲೆ, "ಹಂಗಾರ ಅವನ್ನ ಈಗ ಪೊಲೀಸರು ಹಿಡಿಯೂದಿಲ್ಲ?" ಎಂದು ಕೇಳಿದಳು. ಮೂವತ್ತು ವರ್ಷ ಅವಳ ಎದೆಯಲ್ಲಿ ಈ ಭಯವೂ ಇತ್ತೆಂದು ನನಗೆ ತಿಳಿದದ್ದು ಆಗಲೇ.

ಈ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹೇಳಿಕಳುಹಿಸಿದಳು. ದಿಂಬಿನ ಪಕ್ಕದಲ್ಲಿ ಹಾಳೆ, ಪೆನ್ನು. "ನನ್ನ ಕೈ ನಡಗತಾವ. ಅವಗ ನೀನ ಒಂದು ಕಾಗದ ಬರಕೊಡು. ಬಾ ಅಂತ ಬರಿ."

ಅವನ ಹೆಸರು ಬರೆದೆ. ದುಂಡಗೆ ಬಂತು. ಲಕೋಟೆ ಒಡೆದವನ ಕಣ್ಣಿಗೆ ಮೊದಲು ಬೀಳುವುದು ಏನೆಂದು ಹೊಳೆದು ಕೈ ನಿಂತಿತು.

"ಈ ಅಕ್ಷರ ಅವನಿಗೆ ಗೊತ್ತದ" ಎಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ನು ಕೊಡೆಂದು ಕೈಚಾಚಿದಳು. ಹೊಸ ಹಾಳೆಯ ಕೆಳಗೆ ನಾನು ಪಾಟಿ ಹಿಡಿದೆ. ಮೂರು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ. ಶೇಂಗಾ ಚಟ್ನಿ ಮಾಡಿಸಿಡುತ್ತೇನೆ. ಜೊತೆಗಿರುವವನನ್ನೂ ಕರೆದುಕೊಂಡು ಬಾ. ಅಕ್ಷರಗಳು ಮಳೆಗೆ ಸಿಕ್ಕಿದ ಇರುವೆಗಳ ಹಾಗೆ ಅತ್ತಿತ್ತ ಹರಿದಿದ್ದವು.

ವಿಳಾಸಕ್ಕೆಂದು ಲಕೋಟೆಯನ್ನು ಅಭ್ಯಾಸಬಲದಿಂದ ನನ್ನತ್ತಲೇ ಚಾಚಿದಳು. ಮಹಡಿಯ ಮೇಲಿನ ಬಾಡಿಗೆಯವರ ಎಂಟನೆಯ ಇಯತ್ತೆಯ ಹುಡುಗಿಯನ್ನು ಕೂಗಿ ಅವಳಿಂದ ಬರೆಯಿಸಿದೆ. ಅವಳದು ಕಾಗೆಕಾಲು, ಒಂದು ಒತ್ತಕ್ಷರವೂ ತಪ್ಪಿತ್ತು. ನಾನು ತಿದ್ದಲಿಲ್ಲ.